ಚಪ್ಪಾಳೆ ಬಿದ್ದಾಗ ನಿಲ್ಲಬೇಕು

ರಮಜಾನಸಾಬನ ದನಿ ಹೋಗಿ ನಾಲ್ಕು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ ಅನ್ನಿ. ಒಣಗಿದ ಕಬ್ಬಿನ ರವದಿಯನ್ನು ನೆಲದ ಮೇಲೆ ಎಳೆದುಕೊಂಡು ಹೋದಂಥ ಸಪ್ಪಳವೊಂದು ಗಂಟಲಲ್ಲಿ ಉಳಿದಿತ್ತು. ಅಷ್ಟರಲ್ಲೇ ಹೆಂಡತಿಯನ್ನು ಕರೆಯಬೇಕು, ಅಷ್ಟರಲ್ಲೇ ಕಾಯಿಪಲ್ಲೆಯವಳ ಹತ್ತಿರ ಚೌಕಾಸಿ ಮಾಡಬೇಕು. ಮೂವತ್ತು ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಾದಿ ಹಾದಿಯಲ್ಲಿ ಆಟೋದ ಮೇಲೆ ಮೈಕಿನ ಭೋಂಗಾ ಕಟ್ಟಿಕೊಂಡು ತಿರುಗಿದ ಮನುಷ್ಯ ಅವನು. ಚುನಾವಣೆ, ಸೀರೆ ಸೇಲು, ಪೋಲಿಯೋ ಹನಿ, ಕಳೆದುಹೋದ ಮಗು, ತೀರಿಕೊಂಡ ಸಾವಕಾರ, ಎಲ್ಲವೂ ಅವನ ಬಾಯಿಂದಲೇ ಊರೊಳಗೆ ಕಾಲಿಡಬೇಕಿತ್ತು. ಆಟೋದ ಇಂಜಿನ್ನಿನ ಮೇಲೆ ಒದರಿ, ಬಾಯಲ್ಲಿ ಗುಟಕಾ ಇಟ್ಟುಕೊಂಡು ಒದರಿ, ಜ್ವರದಲ್ಲೂ ಒದರಿ, ಕಡೆಗೊಂದು ದಿನ ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ, "ದನಿ ಪಟ್ಟಿ ಮ್ಯಾಲ ಗಂಟಾಗ್ಯಾವು. ಇನ್ನ ಸುಮ್ನಿರೋದ ಕಲೀರಿ" ಅಂದಿದ್ದರು. ಅವನ ದನಿಯಿಂದ ಗೆದ್ದವರಲ್ಲಿ ಒಬ್ಬನೂ ನೋಡಲು ಬರಲಿಲ್ಲ.

ಆ ಮಂಗಳವಾರ ಗೋಕಾಕದ ಅವನ ಮನೆಯ ಬಾಗಿಲಿಗೆ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬಳು ಅರವತ್ತೈದರ ಮುದುಕಿ, ಕೈಯಲ್ಲಿ ಐದು ಲೀಟರಿನ ಕ್ಯಾನು. ಇನ್ನೊಬ್ಬಳು ಮೂವತ್ತರ ಆಚೆಈಚೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತವಳು.

"ಭೋಂಗಾದ ಸಾಬರ ಮನಿ ಇದ ಏನ್ರಿ?" ಮುದುಕಿ ಕೇಳಿದಳು.

"ಹೌದ್ರಿ, ಬರ್ರಿ ಒಳಗ," ಅಂದಳು ರಮಜಾನಸಾಬನ ಹೆಂಡತಿ ಸಾಯಿರಾಬಿ. "ಭೋಂಗಾ ಮಾರಿದ್ವಿ, ದನಿ ಹೋತು. ಸಾಬರು ಅಷ್ಟ ಉಳದಾರ ನೋಡ್ರಿ."

"ಅವರ ಬೇಕಾಗಿದ್ರು." ಮುದುಕಿ ಒಳಗೆ ಬಂದು ಗೋಡೆಗೆ ಒರಗಿ ಕುಳಿತು ಕ್ಯಾನನ್ನು ಮುಂದೆ ನೂಕಿದಳು. "ನಾ ಕೆಂಚವ್ವ. ಹುಕ್ಕೇರಿ ಕಡಿ ಹಿರೇಹಳ್ಳದ ವಸ್ತಿಯಾಕಿ. ಇಕಿ ದಾಕ್ಷಾಯಿಣಿ, ನಮ್ಮ ಮೈದುನನ ಸೊಸಿ. ಅಕ್ಕಾರ, ಚಾ ಮಾಡೂದಿದ್ರ ಈ ನೀರಾಗ ಮಾಡ್ರಿ. ನಮ್ಮ ಬಾವಿದು."

ಸಾಯಿರಾಬಿ ತಮಾಷೆಯೆಂದು ತಿಳಿದಳು. ನೀರು ಒಲೆಯ ಮೇಲೆ ಬಿಸಿಯಾದ ಗಳಿಗೆಯಲ್ಲಿ ಮನೆ ತುಂಬ ಕೊಳೆತ ಕಾಕಂಬಿಯ ನಾತ ಹಬ್ಬಿತು. ಹಾಲು ಹಾಕಿದ್ದೇ ತಡ, ಒಡೆದು ಮೊಸರು ಮೊಸರಾಯಿತು. ಆದರೂ ಆಕೆ ಅದನ್ನೇ ಬಸಿಯಲ್ಲಿ ಸುರಿದು ತಂದು ಗಂಡನ ಮುಂದಿಟ್ಟಳು.

"ಕುಡೀರಿ ಸಾಬರ," ಅಂದಳು ಕೆಂಚವ್ವ. "ಹನ್ನೆರಡ ವರ್ಷದ ಹಿಂದ ನೀವ ನಮ್ಮ ವಸ್ತಿಗಿ ಬಂದಿದ್ರಿ. ಬರಾಕತ್ತೈತಿ ಸ್ಪಿರಿಟ್ ಕಾರಖಾನಿ, ಮನಿಗೊಂದ ನೌಕರಿ, ಊರಿಗೆಲ್ಲಾ ಬೆಳಕು ಅಂತ ಒದರಿ ಹೋಗಿದ್ರಿ. ಏನ್ ದನಿ ಅಂತೀರಿ! ನನ್ನ ಗಂಡ ಕೇಳಿ ಅವತ್ತ ಸಂಜಿಕನ ಹೊಲಾ ಕೊಡಾಕ ಸಹಿ ಹಾಕಿದ. ಆ ಕಾರಖಾನಿ ಹೊಲಸ ನೀರಿನ ಹೊಂಡ ಬಾವಿಗಿ ಇಳದು ಹಿಂಗಾದ ನೀರ ಇದು."

ರಮಜಾನಸಾಬ ಬಸಿಯನ್ನು ನೋಡಿದ. ಅವನಿಗೆ ಆ ವಸ್ತಿಯ ನೆನಪಿರಲಿಲ್ಲ. ಅಂಥ ಸಾವಿರ ವಸ್ತಿಯಲ್ಲಿ ಅಂಥ ಸಾವಿರ ಮಾತು ಆಡಿದವನಿಗೆ ಯಾವುದೆಂದು ನೆನಪಿರಬೇಕು? ಬಾಡಿಗೆಗೆ ಕೊಟ್ಟ ಬಾಯಿ ಅದು. ಆದರೆ ನಾತ ಮಾತ್ರ ಬಾಡಿಗೆಯದಾಗಿರಲಿಲ್ಲ. ಅವನದೇ ಮನೆಯಲ್ಲಿ, ಅವನದೇ ಮೂಗಿಗೆ ಬಡಿಯುತ್ತಿತ್ತು.

ದಾಕ್ಷಾಯಿಣಿ ಬಾಯಿ ಬಿಟ್ಟಳು. ಕಾರಖಾನೆಯವರು ಇನ್ನೊಂದು ಹೊಂಡ ತೋಡುವವರಿದ್ದಾರೆ, ಮೊದಲಿನದಕ್ಕಿಂತ ಮೂರು ಪಟ್ಟು ದೊಡ್ಡದು, ಬಾವಿಯಿಂದ ಇನ್ನೂರು ಹೆಜ್ಜೆ. ವಸ್ತಿಯ ಅರವತ್ತು ಮನೆಗೂ ಅದೊಂದೇ ಬಾವಿ. ಮುಂದಿನ ತಿಂಗಳು ಹುಕ್ಕೇರಿಯಲ್ಲಿ ಅಹವಾಲು ಸಭೆ. ವಸ್ತಿಗೆ ಒಬ್ಬರು, ಮೂರು ನಿಮಿಷ. ಮೈಕಿನಲ್ಲಿ ಆಡಿದಷ್ಟನ್ನೇ ನಡಾವಳಿಯಲ್ಲಿ ಬರೆದುಕೊಂಡು ಮೇಲಕ್ಕೆ ಕಳಿಸುತ್ತಾರೆ. ಪರವಾನಗಿ ಕೊಡುವವರು ಓದುವುದು ಆ ನಡಾವಳಿಯನ್ನೇ.

"ಅರ್ಜಿ ಮೂರ ಸಲ ಕೊಟ್ಟೇವ್ರಿ ಕಾಕಾ. ಶಿಕ್ಕಾ ಹೊಡದ ಇಟ್ಕೊಂಡಾರ. ಇದೊಂದ ಉಳದೈತಿ. 'ಹೊಂಡ ಬ್ಯಾಡ, ಬಾವಿ ಕೆಟ್ಟೈತಿ' ಅನ್ನೂ ಮಾತ ಆ ಕಾಗದದಾಗ ಬೀಳಬೇಕು. ಆದ್ರ ನನಗ ನಾಕ ಮಂದಿ ಮುಂದ ನಿಂತ್ರ ಗಂಟಲ ಕಟ್ಟತೈತ್ರಿ."

"ಮತ್ತ ಇವರು?" ರಮಜಾನಸಾಬ ಕೆಂಚವ್ವನ ಕಡೆ ಗದ್ದ ತೋರಿದ.

"ಕೆಂಚತ್ತಿ ಮಾತಾಡಿದ್ರ ಮದಲನೇ ಶಬ್ದಕ್ಕ ಪೊಲೀಸ್ರು ಬರ್ತಾರ."

"ಎರಡನೇದಕ್ಕ," ಅಂದಳು ಕೆಂಚವ್ವ. "ಮದಲನೇದ ಅವರಿಗಿ ತಿಳಿಯಂಗಿಲ್ಲ."

ಸಾಯಿರಾಬಿ ನಕ್ಕಳು. ರಮಜಾನಸಾಬನಿಗೆ ನಗು ಬರಲಿಲ್ಲ. ಬಸಿಯನ್ನು ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡ, ನುಂಗಲಾರದೆ ಎದ್ದು ಹೋಗಿ ಮೋರಿಗೆ ಉಗುಳಿ ಬಂದ. "ನಾಳಿಂದ ಬಾರವಾ," ಅಂದ.

ಹನ್ನೊಂದು ದಿನ ದಾಕ್ಷಾಯಿಣಿ ಬಂದಳು. ಬೆಳಿಗ್ಗೆ ಸಾಲೆಯ ಬಿಸಿಯೂಟಕ್ಕೆ ಅಕ್ಕಿ ಬೇಯಿಸಿಟ್ಟು, ಮಧ್ಯಾಹ್ನದ ಬಸ್ಸಿಗೆ ಗೋಕಾಕಕ್ಕೆ ಬಂದು, ಸಂಜೆಯ ಬಸ್ಸಿಗೆ ತಿರುಗಿ ಹೋಗುವುದು. ಮೊದಲ ದಿನ ಅವನು ಮಾತಾಡಿಸಲೇ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ಹೊಟ್ಟೆಯ ಮೇಲೆ ಅಂಗೈ ಇಡಿಸಿದ. "ಉಸರ ಎದಿಯಾಗ ಅಲ್ಲ, ಇಲ್ಲಿ ತುಂಬ್ಕೋ. ಕೈ ಮುಂದ ಬರಬೇಕು. ಭುಜ ಅಳ್ಳಾಡಿದ್ರ ಮತ್ತ ಮದಲಿಂದ." ಗಂಟಲು ಕಟ್ಟುವುದು ಗಂಟಲಿನ ತಪ್ಪಲ್ಲ, ಉಸಿರು ತೀರಿದ ಮೇಲೂ ಮಾತು ಎಳೆಯುವವರ ತಪ್ಪು. ಇದನ್ನು ಅವನು ಕಲಿತದ್ದು ದನಿ ಕಳೆದುಕೊಂಡ ಮೇಲೆ. ಅವಳು ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳಲು ಹೋದರೆ ಸಾಯಿರಾಬಿಯಿಂದ ಉಗುರುಬೆಚ್ಚಗಿನ ನೀರು ಕೊಡಿಸುತ್ತಿದ್ದ. "ಖಾಕರಿಸಬ್ಯಾಡ. ಪಟ್ಟಿಗಿ ಪಟ್ಟಿ ಬಡಿತೈತಿ. ಒಂದ ಗುಟುಕ ನೀರ ಕುಡಿ, ಉಗುಳ ನುಂಗು." ಅಂಜಿ ಪಿಸುಗುಟ್ಟಿದರೆ ಅದಕ್ಕೂ ಬೈಗುಳ. ಪಿಸುಮಾತು ಒದರುವುದಕ್ಕಿಂತ ಕೆಟ್ಟದ್ದು, ಗಂಟಲು ಅರೆಯುತ್ತದೆ. ಸಭೆಯ ದಿನ ಚಹಾ ಬೇಡ, ಕರಿದದ್ದು ಬೇಡ, ಹಿಂದಿನ ದಿನ ಯಾರ ಜೋಡಿಯೂ ಜಗಳ ಬೇಡ.

"ಜಗಳ ಬ್ಯಾಡ ಅಂದ್ರ ಕೆಂಚತ್ತಿನ್ನ ಎಲ್ಲಿ ಇಡೂನ್ರಿ?"

"ಆಕಿನ್ನ ನಮ್ಮ ಮನಿಗಿ ಕಳಸು," ಅಂದಳು ಸಾಯಿರಾಬಿ ಒಳಗಿನಿಂದ. "ನನಗೂ ಜಗಳಾಡಾಕ ದನಿ ಇದ್ದವರ ಬೇಕಾಗ್ಯಾರ."

ಐದನೆಯ ದಿನ ಅವಳನ್ನು ಗೋಕಾಕ ಫಾಲ್ಸಿಗೆ ಕರೆದೊಯ್ದ. ಮಳೆಗಾಲದ ಹೊಳೆ ಕೆಂಪಗೆ ಮೈದುಂಬಿ ಬಂಡೆಯಿಂದ ಬೀಳುತ್ತಿತ್ತು. ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. "ಇಲ್ಲಿ ಮಾತಾಡು," ಅಂದ. ಅವಳು ಕುತ್ತಿಗೆಯ ನರ ಉಬ್ಬಿಸಿ ಒದರಿದಳು. ಒದರಿದಷ್ಟನ್ನೂ ನೀರಿನ ಸದ್ದು ನುಂಗಿತು. ನಾಲ್ಕು ಸಲ ಒದರಿದ ಮೇಲೆ ಅವಳ ಕಣ್ಣಲ್ಲಿ ನೀರು ಬಂತು.

ರಮಜಾನಸಾಬ ಅವಳನ್ನು ಬಂಡೆಯ ಹಿಂದೆ, ಸದ್ದು ಕಡಿಮೆಯಾಗುವಲ್ಲಿಗೆ ಎಳೆದುಕೊಂಡು ಬಂದ. "ತಿಳೀತ? ಗದ್ದಲದ ಜೋಡಿ ಕುಸ್ತಿ ಹಿಡೀಬಾರದು. ನಾ ಮೂವತ್ತ ವರ್ಷ ಹಿಡದೆ, ಹಿಂಗಾದೆ. ಮಂದಿ ಗದ್ದಲ ಮಾಡಿದ್ರ ಸುಮ್ನ ನಿಂದ್ರು. ಚಪ್ಪಾಳಿ ಬಿದ್ರೂ ನಿಂದ್ರು. ಅವರ ಮುಗಸ್ತಾರ. ಆಮ್ಯಾಲ ಮಾತಾಡು. ಸುಮ್ನ ನಿಂತವರ ಕಡೆ ಮಂದಿ ತಿರಗಿ ನೋಡತಾರ. ಕಡೀ ಸಾಲಿನ್ಯಾಗ ಒಬ್ಬರನ್ನ ಹಿಡಕೊಂಡು ಅವರಿಗಿ ಹೇಳಿದಂಗ ಹೇಳು. ನಾ ಕಡೀ ಸಾಲಿನ್ಯಾಗ ಕುಂತಿರ್ತೇನಿ. ಅವಸರ ಮಾಡಿದಿ ಅಂದ್ರ ಹಿಂಗ ಕೈ ಎತ್ತತೇನಿ, ಸಾವಕಾಶ ಅಂತ."

ಕಲಿಯುವವಳು ಅಂದರೆ ಅವಳು. ಎಂಟನೆಯ ದಿನಕ್ಕೆ ಮಾತು ಎದೆಯಿಂದ ಇಳಿದು ಹೊಟ್ಟೆಯಿಂದ ಏಳತೊಡಗಿತು. ಮೈಕಿನ ಬದಲು ಕೊಟ್ಟ ಲಟ್ಟಣಿಗೆಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಬಾವಿಯ ಸುದ್ದಿಯನ್ನು ಅವಳು ಅಳದೆ, ತಡವರಿಸದೆ ಹೇಳಿ ಮುಗಿಸಿದಾಗ ಸಾಯಿರಾಬಿ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ರಮಜಾನಸಾಬನಿಗೆ ತನ್ನ ದನಿ ಇನ್ನೊಂದು ಮೈಯೊಳಗೆ ಹುಟ್ಟಿ ಬಂದಂತಾಯಿತು. ಈ ಸಲ ಅದು ಬಾಡಿಗೆಗೆ ಹೋಗುವುದಿಲ್ಲ ಎಂದುಕೊಂಡ.

ಉಳಿದದ್ದು ಆರಂಭ. ಅದನ್ನು ಅವನು ಎಲ್ಲಕ್ಕಿಂತ ಅಕ್ಕರೆಯಿಂದ ಕಲಿಸಿದ. ಅಹವಾಲು ಸಭೆಯ ಆಮಂತ್ರಣ ಪತ್ರಿಕೆಯನ್ನು ಹಳೆಯ ಗುರುತಿನ ಪ್ರಿಂಟಿಂಗ್ ಪ್ರೆಸ್ಸಿನಿಂದ ತರಿಸಿ, ವೇದಿಕೆಯ ಮೇಲೆ ಕೂಡುವ ಹನ್ನೊಂದು ಹೆಸರನ್ನು ಹಿರಿಕಿರಿತನದ ಪ್ರಕಾರ ಬರೆದುಕೊಟ್ಟ. ನಮ್ಮ ಸೀಮೆಯಲ್ಲಿ ಕುರ್ಚಿಯ ಹೆಸರು ಹಿಡಿಯದೆ ಬಾಯಿ ತೆರೆಯುವ ಪದ್ಧತಿಯೇ ಇಲ್ಲ. ಸತ್ತವರ ಸುದ್ದಿ ಸಾರುವಾಗಲೂ ಬದುಕಿದ ದೊಡ್ಡವರ ಹೆಸರು ಮೊದಲು ಬರಬೇಕು. ಮೂವತ್ತು ವರ್ಷ ರಮಜಾನಸಾಬ ಅನ್ನ ತಿಂದದ್ದು ಆ ಹೆಸರುಗಳಿಂದ. ಒಂದು ಹೆಸರು ಬಿಟ್ಟಿದ್ದಕ್ಕೆ ಒಮ್ಮೆ ಕಪಾಳಕ್ಕೆ ತಿಂದದ್ದೂ ಉಂಟು.

"ಬಾವಿ ಸುದ್ದಿ ಮದಲ ಹೇಳಿದ್ರ ಆಗಂಗಿಲ್ಲೇನ್ರಿ?" ಸಾಯಿರಾಬಿ ಕೇಳಿದಳು.

"ನಿನಗ ತಿಳಿಯಂಗಿಲ್ಲ ಬಿಡ. ಹೆಸರ ತಗೋಳಲಿಲ್ಲಂದ್ರ ಕುಂತವರ ಕಿವಿ ಮುಚ್ಚತಾವ. ಒಬ್ಬರದೂ ಬಿಡಬಾರದು. ಕಾರಖಾನಿ ಮ್ಯಾನೇಜರಂದು ಸೈತ. ಸನ್ಮಾನ್ಯ ಅನ್ನಬೇಕು, ಹೃತ್ಪೂರ್ವಕ ವಂದನೆ ಅನ್ನಬೇಕು. ವೈರಿ ಆದ್ರೂ ಮರ್ಯಾದಿ ಕೊಟ್ಟ ಹೊಡೀಬೇಕು."

ಮೊಬೈಲಿನಲ್ಲಿ ವೇಳೆ ಹಿಡಿದು ನೋಡಿದರು. ಹೆಸರಿಗೆ ಮುಕ್ಕಾಲು ನಿಮಿಷ, ಬಾವಿಗೆ ಎರಡು ನಿಮಿಷ. ಹದಿನೈದು ಸೆಕೆಂಡು ಮಿಕ್ಕುತ್ತಿತ್ತು. ರಮಜಾನಸಾಬ ಆ ರಾತ್ರಿ ಚೆನ್ನಾಗಿ ಉಂಡ.

ಹುಕ್ಕೇರಿಯ ಸಭಾಭವನದ ಮುಂದಿನ ಆರು ಸಾಲು ಬೆಳಿಗ್ಗೆಯೇ ತುಂಬಿಹೋಗಿದ್ದವು. ಕಾರಖಾನೆಯ ಬಸ್ಸಿನಲ್ಲಿ ಬಂದವರು. ಹೆಗಲಿಗೆ ಒಂದೇ ಬಣ್ಣದ ಹೊಸ ಟಾವೆಲ್ಲು, ಕೈಯಲ್ಲಿ ಉಪ್ಪಿಟ್ಟಿನ ಪೊಟ್ಟಣ. ಹಿರೇಹಳ್ಳದ ನಲವತ್ತು ಹೆಂಗಸರು ಗೋಡೆಗುಂಟ ನಿಂತರು. ರಮಜಾನಸಾಬ ಹೇಳಿದ ಹಾಗೆ ಕಡೆಯ ಸಾಲಿನ ನಟ್ಟನಡುವಿನ ಕುರ್ಚಿ ಹಿಡಿದ.

ಕಾರಖಾನೆಗೆ ಮಣ್ಣು ಹೊಡೆಯುವ ಗುತ್ತಿಗೆದಾರ ಮಹೇಶನೆಂಬವನು ಮೊದಲು ಎದ್ದ. ಇಪ್ಪತ್ತು ನಿಮಿಷ ಅಭಿವೃದ್ಧಿಯ ಮಾತಾಡಿದ. ವೇಳೆ ಮುಗಿದಾಗ ಗಂಟೆ ಬಾರಿಸಲು ಕೂತವನು ಗಂಟೆ ಮುಟ್ಟಲಿಲ್ಲ. ಅವನ ಹಿಂದೆ ಮತ್ತೆ ನಾಲ್ವರು. ಆಮೇಲೆ ಬೆಳಗಾವಿಯಿಂದ ಬಂದ ಅಧಿಕಾರಿ ಗಡಿಯಾರ ನೋಡಿ, ವೇಳೆ ಕಮ್ಮಿ ಇರುವುದರಿಂದ ಇನ್ನು ವಸ್ತಿಗೆ ಎರಡೇ ನಿಮಿಷ ಎಂದು ಸಾರಿದ. ರಮಜಾನಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಹೆಸರಿಗೆ ಮುಕ್ಕಾಲು ಹೋದರೆ ಬಾವಿಗೆ ಒಂದೂಕಾಲು ನಿಮಿಷ.

ದಾಕ್ಷಾಯಿಣಿಯ ಹೆಸರು ಕರೆದರು. ಅವಳು ನಡೆದು ಹೋದಳು; ಎರಡೂ ಪಾದ ಊರಿದಳು; ಮೈಕನ್ನು ನಾಲ್ಕು ಬೆರಳು ದೂರ ಹಿಡಿದಳು. ಭುಜ ಅಲುಗಲಿಲ್ಲ.

"ಸಭೆಯ ಅಧ್ಯಕ್ಷತೆ ವಹಿಸಿದ ಸನ್ಮಾನ್ಯ ಅಧಿಕಾರಿಗಳಿಗೆ ಹಿರೇಹಳ್ಳದ ವಸ್ತಿಯ ಪರವಾಗಿ ಹೃತ್ಪೂರ್ವಕ ವಂದನೆಗಳು."

ಎಂಥ ದನಿ! ಭವನದ ಮೂಲೆ ಮೂಲೆಗೂ ಹೋಗಿ ಕೂತಿತು. ಮುಂದಿನ ಸಾಲಿನವರು ರೂಢಿಯಂತೆ ಚಪ್ಪಾಳೆ ಹೊಡೆದರು. ಅವಳು ನಿಂತಳು. ಚಪ್ಪಾಳೆ ಮುಗಿದ ಮೇಲೆ ಎರಡನೆಯ ಹೆಸರು ಹಿಡಿದಳು. ಮತ್ತೆ ಚಪ್ಪಾಳೆ. ಮತ್ತೆ ನಿಂತಳು. ಮೂರನೆಯ ಹೆಸರು ಕಾರಖಾನೆಯ ಮ್ಯಾನೇಜರನದು. ಈ ಸಲ ಮಹೇಶ ಹಿಂದಕ್ಕೆ ತಿರುಗಿ ತನ್ನವರಿಗೆ ಕಣ್ಣು ಹೊಡೆದದ್ದನ್ನು ರಮಜಾನಸಾಬ ನೋಡಿದ. ಆರು ಸಾಲೂ ಚಪ್ಪಾಳೆ ಹಿಡಿದವು, ಬಿಡಲೇ ಇಲ್ಲ. ಒಬ್ಬ ಸೀಟಿಯನ್ನೂ ಊದಿದ. ದಾಕ್ಷಾಯಿಣಿ ತಾಳ್ಮೆಯಿಂದ, ಕಲಿಸಿದಂತೆ, ಮುಖದಲ್ಲಿ ಒಂದು ಗೆರೆಯೂ ಕೆಡದಂತೆ ನಿಂತೇ ಇದ್ದಳು.

ರಮಜಾನಸಾಬನಿಗೆ ಆಗ ಹೊಳೆಯಿತು. ಎದ್ದು ನಿಂತ. ಹೆಸರು ಬಿಡು, ಮುಂದೆ ಹೋಗು, ಬಾವಿಗೆ ಹೋಗು ಎಂದು ಕೈ ಬೀಸಿದ. ಅವಳು ಕಡೆಯ ಸಾಲನ್ನು ನೋಡುತ್ತಿದ್ದಳು. ಅವನ ಕೈ ಕಂಡಿತು. ಫಾಲ್ಸಿನ ದಿನದಿಂದ ಆ ಕೈ ಎದ್ದಾಗಲೆಲ್ಲ ಅದಕ್ಕೆ ಒಂದೇ ಅರ್ಥವಿತ್ತು, ಸಾವಕಾಶ. ಅವಳು ಇನ್ನೂ ಸಾವಕಾಶ ಮಾಡಿದಳು.

ಎಂಟನೆಯ ಹೆಸರಿಗೆ ಗಂಟೆ ಹೊಡೆಯಿತು.

"ನಮ್ಮ ಬಾವಿ..." ಅಂದಳು ದಾಕ್ಷಾಯಿಣಿ. ಮೈಕು ಸತ್ತಿತ್ತು.

ಅವಳು ಮೈಕು ಕೆಳಗಿಟ್ಟು ಬರಿಯ ದನಿಯಲ್ಲಿ ಮತ್ತೆ ಶುರು ಮಾಡಿದಳು. ಆರು ಸಾಲೂ ಕುರ್ಚಿ ಸರಿಸತೊಡಗಿದವು, ಉಪ್ಪಿಟ್ಟಿನ ಪೊಟ್ಟಣ ಬಿಚ್ಚತೊಡಗಿದವು, ಒಬ್ಬರನ್ನೊಬ್ಬರು ಕೂಗತೊಡಗಿದವು. ಗದ್ದಲ. ಅವಳು ಸುಮ್ಮನೆ ನಿಂತಳು. ಅವರೇ ಮುಗಿಸುತ್ತಾರೆ ಎಂದು ಕಾದಳು. ಸುಮ್ಮನೆ ನಿಂತವರ ಕಡೆ ತಿರುಗಿ ನೋಡುವುದು ಕೇಳಬೇಕೆನ್ನುವ ಮಂದಿ; ಇವರು ಕೇಳಬಾರದೆಂದೇ ಕರೆತಂದ ಮಂದಿ. ಅದನ್ನು ರಮಜಾನಸಾಬ ಅವಳಿಗೆ ಕಲಿಸಿರಲಿಲ್ಲ, ಯಾಕೆಂದರೆ ಜೀವನವಿಡೀ ಅವನು ನಿಂತಿದ್ದು ಭೋಂಗಾದ ಕಡೆಗೆ. ಮಾತು ಚೆನ್ನಾಗಿದ್ದರೆ ಕೇಳಿಯೇ ಕೇಳುತ್ತಾರೆ ಎಂಬುದು ಭೋಂಗಾ ಕೈಯಲ್ಲಿದ್ದವರ ನಂಬಿಕೆ.

ಒಬ್ಬ ಪೊಲೀಸಮ್ಮ ಬಂದು, "ಆತು, ನಡೀ ಅಕ್ಕಾ," ಎಂದು ಅವಳ ರಟ್ಟೆ ಹಿಡಿದು ಇಳಿಸಿದಳು.

ಕಾಯಿದೆಯ ಪ್ರಕಾರ ಸಭೆಯ ಕಡೆಗೆ ನಡಾವಳಿಯನ್ನು ಓದಿ ಹೇಳಬೇಕು. ಗುಮಾಸ್ತನೊಬ್ಬ ಓದಿದ. "ಹಿರೇಹಳ್ಳ ವಸತಿಯ ಪರವಾಗಿ ಶ್ರೀಮತಿ ದಾಕ್ಷಾಯಿಣಿ ಇವರು ಮಾತನಾಡಿ, ಮಾನ್ಯ ಅಧಿಕಾರಿಗಳಿಗೆ ಹಾಗೂ ಕಾರ್ಖಾನೆಯ ಆಡಳಿತ ಮಂಡಳಿಗೆ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸಿದರು. ಸಭಿಕರು ಕರತಾಡನ ಮಾಡಿದರು."

ಅಷ್ಟೇ.

"ಏ ಸುಳ್ಳ ಬರದ್ಯೋ, ನಿನ್ನ ಕೈಗಿ ಹುಳಾ ಬೀಳಲಿ!" ಗೋಡೆಯ ಹತ್ತಿರದಿಂದ ಕೆಂಚವ್ವ ಕಿರುಚಿದಳು. "ಬಾವಿ ಕೆಟ್ಟೈತಿ ಅಂತ ಬರಿ! ಹೊಂಡ ಬ್ಯಾಡ ಅಂತ ಬರಿ! ಬರಿಯೋ ನಿನ್ನ..." ಮುಂದಿನ ಶಬ್ದಕ್ಕೆ ಪೊಲೀಸರು ಬಂದರು. ಅವಳ ಕೂಗು ಭವನದ ಆಚೆ ರಸ್ತೆಗೂ ಕೇಳಿರಬೇಕು. ಗುಮಾಸ್ತ ತಲೆ ಬಗ್ಗಿಸಿ ಇನ್ನೊಂದು ಸಾಲು ಬರೆದುಕೊಂಡ, ಅದನ್ನೂ ಓದಿದ. "ಸಭೆಯ ಅಂತ್ಯದಲ್ಲಿ ಒಬ್ಬ ಮಹಿಳೆ ಅನುಚಿತವಾಗಿ ವರ್ತಿಸಿದ್ದರಿಂದ ಹೊರಗೆ ಕಳುಹಿಸಲಾಯಿತು."

ದಾಕ್ಷಾಯಿಣಿ ಗುಮಾಸ್ತನ ಮೇಜಿಗೆ ಹೋದಳು. ಅವಳ ಹಿಂದೆ ರಮಜಾನಸಾಬ.

"ಅಣ್ಣಾರ, ಬಾವಿ ಅಂತ ನಾ ಅಂದೇನಲ್ಲ? ಒಂದ ಶಬ್ದಾರ ಬರ್ಕೋರಿ."

ಗುಮಾಸ್ತ ಕೆಟ್ಟವನಲ್ಲ. ಕಣ್ಣು ತಪ್ಪಿಸಿ ಹೇಳಿದ. "ಅಕ್ಕಾರ, ಮೈಕಿನ್ಯಾಗ ಬಂದಿದ್ದಷ್ಟ ಬರೀ ಅಂತ ನನಗ ಹೇಳ್ಯಾರ. ನೀವ ಭಾಳ ಛಲೋ ಮಾತಾಡಿದ್ರಿ ಖರೆ. ಅಷ್ಟ ಸ್ವಚ್ಛ ಯಾರೂ ಮಾತಾಡ್ಲಿಲ್ಲ. ಅದಕ್ಕ ಒಂದ ಅಕ್ಷರ ತಪ್ಪದಂಗ ಬರ್ಕೊಂಡೇನಿ."

ರಮಜಾನಸಾಬ ಅವನ ತೋಳು ಹಿಡಿದ. "ತಪ್ಪ ನಂದು," ಅನ್ನಬೇಕೆಂದಿದ್ದ. ಗಂಟಲಿಂದ ಗಾಳಿಯಷ್ಟೇ ಬಂತು. ಗುಮಾಸ್ತ ಯಾರೋ ಕುಡಿದ ಮುದುಕನಿರಬೇಕೆಂದು ತೋಳು ಬಿಡಿಸಿಕೊಂಡು ಫೈಲು ಕಟ್ಟಿದ.

ಹೊರಗೆ ಹಿರೇಹಳ್ಳದ ಟೆಂಪೋ ನಿಂತಿತ್ತು. ಪೊಲೀಸರು ಬಿಟ್ಟುಕಳಿಸಿದ ಕೆಂಚವ್ವ ಕೆದರಿದ ಕೂದಲಲ್ಲಿ ಹಿಂದಿನ ಹಲಗೆಯ ಮೇಲೆ ಕುಳಿತಿದ್ದಳು. ರಮಜಾನಸಾಬ ಅವಳ ಬೈಗುಳಕ್ಕೆ ಮೈ ಒಡ್ಡಿ ನಿಂತ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಾಕಾ," ಅಂದಳು ದಾಕ್ಷಾಯಿಣಿ, "ನನ್ನ ದನಿ ಕಡೀ ಸಾಲಿಗಿ ಕೇಳ್ತ?"

"ಕೇಳ್ತ ಮಗಳ. ಸ್ವಚ್ಛ ಕೇಳ್ತ."

ಅವಳು ತಲೆಯಾಡಿಸಿ ಟೆಂಪೋ ಹತ್ತಿದಳು. ಒಳಗೆ ಪದ್ಮವ್ವನೆಂಬ ಹೆಂಗಸು ಬೆರಳೆಣಿಸುತ್ತಿದ್ದಳು. ಹೊಸ ಹೊಂಡ ಬಿದ್ದ ಮೇಲೆ ಬಾವಿ ಮುಚ್ಚಬೇಕು; ಮುಚ್ಚಿದ ಮೇಲೆ ಎರಡು ಮೈಲಿ ಆಚೆಯ ತೋಟದಿಂದ ನೀರು ತರಬೇಕು; ತೋಟದವನು ದಿನಕ್ಕೆ ಹತ್ತು ಮನೆಗಷ್ಟೇ ಬಿಡುತ್ತಾನಂತೆ.

"ಸೋಮಾರ ನೀರಿನ ಪಾಳಿ ಮ್ಯಾಲಿನ ಓಣಿಗಿ," ಅಂದಳು ಪದ್ಮವ್ವ. "ಮಂಗಳಾರ ನಾವು. ಕೆಂಚಕ್ಕಾ, ನಿನಗ ಬುಧವಾರ ನಡಿತೈತೇನ?"

"ನಡಿತೈತಿ," ಅಂದಳು ಕೆಂಚವ್ವ.

"ದಾಕ್ಷಾಯಿಣಿ, ನೀ?"

ದಾಕ್ಷಾಯಿಣಿಯ ಉತ್ತರ ಇಂಜಿನ್ನಿನ ಸದ್ದಿನಲ್ಲಿ ರಮಜಾನಸಾಬನಿಗೆ ಕೇಳಿಸಲಿಲ್ಲ. ಪದ್ಮವ್ವ ಇನ್ನೊಂದು ಬೆರಳು ಮಡಿಚಿದ್ದು ಕಂಡಿತು. ಟೆಂಪೋ ಹೋಯಿತು.